ಜನಾಂಗದ್ವೇಷದ ವಿರುದ್ಧದ ಸಂಗೀತೋತ್ಸವಗಳು: ಮೂರು ನೋಡಿದೆ, ನನ್ನ ಓಟು ಯಾಮೆಲ್‌ಗೆ

ಇಂಥ ಉತ್ಸವಗಳಿಂದ ಈಗ ಏನಾದ್ರೂ ಪ್ರಯೋಜನ ಇದೆಯಾ ಅಂತ ಜರ್ಮನಿಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ. ಇದೆ. ಆದರೆ ಎಲ್ಲದರಿಂದಲೂ ಅಲ್ಲ. ದುಡ್ಡು ಕೊಟ್ಟು ಒಂದಕ್ಕೇ ಹೋಗುವುದಾದರೆ ಯಾಮೆಲ್ ಹಳ್ಳಿಯದಕ್ಕೆ ಹೋಗಿ.

ಮೊದಲು ದೊಡ್ಡ ಟಿಕೆಟ್ಟಿನ ಹಬ್ಬದ ಕಥೆ. ಹೆಸರು ಬೇಡ. ಗೇಟಿನ ಮೇಲೆ ‘ಜನಾಂಗದ್ವೇಷಕ್ಕೆ ಇಲ್ಲಿ ಜಾಗವಿಲ್ಲ’ ಅಂತ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರ ಕೆಳಗೇ ಸೆಕ್ಯೂರಿಟಿಯವರು. ಜೊತೆಗಿದ್ದ ಜರ್ಮನ್ ಗೆಳೆಯರ ಬ್ಯಾಗನ್ನು ಮೇಲಿಂದ ಮುಟ್ಟಿ ಒಳಗೆ ಬಿಟ್ಟರು. ನನ್ನನ್ನೂ ಹಾಸನದ ಗೆಳೆಯನನ್ನೂ ಮಾತ್ರ ಪಕ್ಕಕ್ಕೆ ನಿಲ್ಲಿಸಿದರು. ಶೂ ಬಿಚ್ಚಿಸಿದರು. ಅವನ ಅಮ್ಮ ಊರಿಂದ ಕಳಿಸಿದ್ದ ಚಕ್ಕುಲಿ ಡಬ್ಬಿ ತೆಗೆಸಿ, ಕೈಗವಸಿನ ಬೆರಳಲ್ಲಿ ಕಲಕಿ ನೋಡಿದರು. ಆಮೇಲೆ ಅದನ್ನು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ.

ಒಳಗೆ ದೂರು ಕೇಳುವ ಡೇರೆ ಇತ್ತು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಕೇಳಿ, ನೀರು ಕೊಟ್ಟು, ಕರಪತ್ರವೊಂದನ್ನು ಕೈಗಿಟ್ಟಳು. ಮನೆಗೆ ಬಂದು ಮೇಲ್ ಹಾಕಿದೆ. ಗೇಟಿನವರು ಹೊರಗುತ್ತಿಗೆಯವರು, ವಿಷಾದಿಸುತ್ತೇವೆ ಅಂತ ಉತ್ತರ ಬಂತು. ತಿಂಗಳ ಊಟದ ಖರ್ಚಿನಷ್ಟು ಟಿಕೆಟ್‌ಗೆ ಕೊಟ್ಟವರಿಗೆ ಸಿಕ್ಕಿದ್ದು ಇಷ್ಟು. ಬ್ಯಾನರ್ ಕಟ್ಟಿದವರೇ ಗೇಟಿನಲ್ಲಿ ಯಾರಿರಬೇಕು ಅಂತಲೂ ನೋಡಿಕೊಳ್ಳಬೇಕು ಅಲ್ವಾ?

ಎರಡನೆಯದು ಪೂರ್ವ ಜರ್ಮನಿಯ ಕೆಮ್ನಿಟ್ಸ್ ಊರಿನದು. 2018ರಲ್ಲಿ ನಾನು ಅಲ್ಲೇ ಓದುತ್ತಿದ್ದೆ. ಆಗಸ್ಟ್ ಕೊನೆಯಲ್ಲಿ ಊರಹಬ್ಬದ ಸಮಯದಲ್ಲಿ ಒಂದು ಕೊಲೆಯಾಯಿತು. ಅದೇ ನೆಪದಲ್ಲಿ ಬಲಪಂಥೀಯರು ಬೀದಿಗಿಳಿದರು. ವಿದೇಶಿಯರಂತೆ ಕಂಡವರನ್ನು ಅಟ್ಟಿಸಿಕೊಂಡು ಹೋದರು. ಹಾಸ್ಟೆಲಿನಲ್ಲಿ ಭಾರತದವರೇ ಜಾಸ್ತಿ. ಸಂಜೆ ಮೇಲೆ ಯಾರೂ ಒಬ್ಬೊಬ್ಬರೇ ಟ್ರಾಮ್ ಹತ್ತುತ್ತಿರಲಿಲ್ಲ. ಸೆಪ್ಟೆಂಬರ್ 3ರಂದು ‘ನಾವೇ ಹೆಚ್ಚು’ ಎಂಬ ಘೋಷಣೆಯಡಿ ಉಚಿತ ಸಂಗೀತ ಕಛೇರಿ ನಡೆಯಿತು. ಅದೇ ಊರಿನ ಬ್ಯಾಂಡ್ ಕ್ರಾಫ್ಟ್‌ಕ್ಲುಬ್, ಜೊತೆಗೆ ಜರ್ಮನಿಯ ಹೆಸರಾಂತ ರಾಕ್ ಬ್ಯಾಂಡ್ ಡೀ ಟೋಟನ್ ಹೋಸನ್ ಹಾಡಿದರು. ಎರಡೂವರೆ ಲಕ್ಷ ಜನರ ಊರಿಗೆ ಸುಮಾರು 65,000 ಮಂದಿ ಬಂದರು. ಆ ರಾತ್ರಿ ನಡೆದುಕೊಂಡೇ ಹಾಸ್ಟೆಲಿಗೆ ಹೋದೆವು, ಒಂದಿಷ್ಟೂ ಹೆದರಿಕೆಯಿಲ್ಲದೆ.

ಆದರೆ ಬಂದವರಲ್ಲಿ ತುಂಬಾ ಜನ ಹೊರಗಿನವರು, ವಾಪಸ್ ಹೋದರು. ಕೆಮ್ನಿಟ್ಸ್ ಇರುವ ಸ್ಯಾಕ್ಸನಿ ರಾಜ್ಯದ ಚುನಾವಣೆಯಲ್ಲಿ, ವಲಸಿಗರನ್ನು ವಿರೋಧಿಸುವ ಬಲಪಂಥೀಯ ಎಎಫ್‌ಡಿ ಪಕ್ಷ 2019ರಲ್ಲಿ ಶೇ. 27.5, 2024ರಲ್ಲಿ ಶೇ. 30.6 ಮತ ಪಡೆಯಿತು. ಹಾಡಿನಿಂದ ಓಟು ಬದಲಾಗುತ್ತದೆ ಅಂದುಕೊಂಡವರಿಗೆ ಇದು ನಿರಾಸೆಯೇ. ನನಗಂತೂ ಆ ರಾತ್ರಿ ಬೇಕಿತ್ತು.

ಈಗ ಯಾಮೆಲ್. ಉತ್ತರ ಜರ್ಮನಿಯ ಪುಟ್ಟ ಹಳ್ಳಿ. ನವನಾಜಿಗಳ ಊರು ಅಂತಲೇ ಹೆಸರು. ಹಿಟ್ಲರ್ ಹುಟ್ಟಿದ ಬ್ರೌನೌಗೆ ದಾರಿ ತೋರಿಸುವ ಫಲಕವನ್ನೇ ನೆಟ್ಟಿದ್ದರು. ಬಿರ್ಗಿಟ್ ಮತ್ತು ಹೋರ್ಸ್ಟ್ ಲೋಮಾಯರ್ ದಂಪತಿ 2004ರಲ್ಲಿ ಹ್ಯಾಂಬರ್ಗ್ ಬಿಟ್ಟು ಇಲ್ಲಿ ಮನೆ ಮಾಡಿದರು. ನವನಾಜಿಗಳು ಓಡಿಸಲು ನೋಡಿದರೂ ಇವರು ಜಗ್ಗಲಿಲ್ಲ. 2007ರಿಂದ ತಮ್ಮ ಜಾಗದಲ್ಲೇ ಉತ್ಸವ ಶುರು ಮಾಡಿದರು. 2015ರಲ್ಲಿ ಅವರ ಕೊಟ್ಟಿಗೆಗೆ ಯಾರೋ ಬೆಂಕಿ ಹಚ್ಚಿದರು. ಆ ವರ್ಷ ಡೀ ಟೋಟನ್ ಹೋಸನ್ ಮುಂಚೆ ಹೇಳದೆ ಬಂದು ಹಾಡಿದರು. ಇಲ್ಲಿ ಹಾಡು ಮುಗಿದ ಮೇಲೂ ಆ ಮನೆ ಅಲ್ಲೇ ಇರುತ್ತದೆ, ಪಕ್ಕದ ಮನೆಯವರೂ ಅಲ್ಲೇ ಇರುತ್ತಾರೆ. ಪ್ರತಿ ಆಗಸ್ಟಿನಲ್ಲಿ ಸಾವಿರಾರು ಜನ ಬಂದು ನಾವಿದ್ದೇವೆ ಅಂತ ತೋರಿಸುವುದಕ್ಕೆ ಬೆಲೆ ಇರುವುದು ಇಂಥ ಕಡೆ.

ಯಾರು ಹಾಡುತ್ತಾರೆ ಅಂತ ಮೊದಲೇ ಹೇಳುವುದಿಲ್ಲ. ನೆಚ್ಚಿನ ಬ್ಯಾಂಡ್ ಸಿಕ್ಕೇ ಸಿಗಬೇಕು ಅನ್ನುವವರಿಗೆ ಇದು ಆಗಲ್ಲ. ಟಿಕೆಟ್ ಬೇಗ ಖಾಲಿಯಾಗುತ್ತದೆ.

ನಾನು ಬ್ಯಾಂಡ್ ನೋಡಿ ಹೋಗುವವನಲ್ಲ, ಜೇಬೂ ಸಣ್ಣದು. ರಾತ್ರಿ ಸಣ್ಣ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವುದೂ ಬೇಡ. ಅಲ್ಲೇ ಡೇರೆ ಹಾಕಿ ಉಳಿಯುತ್ತೇನೆ. ಚಿತ್ರಾನ್ನ ಕಲಸಿಕೊಂಡು ಹೋಗುತ್ತೇನೆ. ಕೆಮ್ನಿಟ್ಸ್‌ನಂಥದ್ದು ನಿಮ್ಮೂರಲ್ಲೇ ಆದರೆ ತಪ್ಪಿಸಬೇಡಿ, ಖರ್ಚಿಲ್ಲ. ಮೊದಲನೆಯದಕ್ಕೆ ನಾನು ಮತ್ತೆ ದುಡ್ಡು ಹಾಕುವುದಿಲ್ಲ.