ಸ್ವಿಫ್ಟ್‌ಗೆ ಕೋನ್ ಫಿಲ್ಟರ್, ದಪ್ಪ ಸೈಲೆನ್ಸರ್ ಹಾಕ್ಸಿ ಮೂರು ವರ್ಷ: ಸೌಂಡ್ ಏನೋ ಬಂತು

ನಂದು 2013ರ ಸ್ವಿಫ್ಟ್ ಪೆಟ್ರೋಲ್, 1.2 ಲೀಟರ್ ಕೆ ಸೀರೀಸ್ ಇಂಜಿನ್, ಕಂಪನಿ ಲೆಕ್ಕದಲ್ಲಿ 87 ಪಿಎಸ್ ಪವರ್, 114 ಎನ್‌ಎಂ ಟಾರ್ಕ್ (ಎಳೆಯೋ ಶಕ್ತಿ). ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೆಂಗಳೂರಿಂದ ಸಕಲೇಶಪುರದ ಹತ್ರ ನಮ್ಮೂರಿಗೆ ತಿಂಗಳಿಗೆ ಎರಡು ಸಲ ಓಡಾಟ, ಇಂಜಿನ್ ಚೆನ್ನಾಗಿತ್ತು, ಆದ್ರೂ ಸುಮ್ನಿರೋಕಾಗ್ದೆ ಮೊದ್ಲು ಕೋನ್ ಫಿಲ್ಟರ್ (ಡಬ್ಬಿ ಇಲ್ದೆ ಬಾನೆಟ್ ಒಳಗೆ ತೆರೆದಿರೋ ಶಂಕು ಆಕಾರದ ಏರ್ ಫಿಲ್ಟರ್) ಹಾಕಿಸ್ದೆ, ಆಮೇಲೆ ಕ್ಯಾಟ್ (ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಿನಿಂದ ಪೂರ್ತಿ ಎಕ್ಸಾಸ್ಟ್. ಫಿಲ್ಟರ್ 4,500, ಪೈಪ್ ಮಫ್ಲರ್ ಕೂಲಿ ಎಲ್ಲ ಸೇರಿ 18,000. ಯಾವ ಬ್ರ್ಯಾಂಡ್, ಯಾವ ಅಂಗಡಿ ಅಂತ ಕೇಳ್ಬೇಡಿ, ಹೇಳಲ್ಲ.

ಮೊದಲನೇ ದಿನ ಏನು ಖುಷಿ ಅಂತೀರಾ! ಆಕ್ಸಿಲರೇಟರ್ ಒತ್ತಿದ್ರೆ ಬಾನೆಟ್ ಒಳಗಿಂದ ಗೊರ್ ಅಂತ ಉಸಿರೆಳೆಯೋ ಸದ್ದು, ಗಾಡಿ ಹಾರಿಕೊಂಡು ಹೋದಂಗೆ ಅನ್ಸೋದು. ಅದೇ ಮೋಸ ನೋಡಿ. ಸ್ಟಾಕ್ ಏರ್‌ಬಾಕ್ಸ್, ಅಂದ್ರೆ ಕಂಪನಿಯವ್ರು ಕೊಟ್ಟ ಫಿಲ್ಟರ್ ಡಬ್ಬಿ, ಆ ಸದ್ದನ್ನೂ ನುಂಗುತ್ತೆ, ಅದನ್ನ ತೆಗೆದ್ರೆ ಮೊದಲಿಂದ ಇದ್ದ ಸದ್ದು ಆಚೆ ಬರುತ್ತೆ ಅಷ್ಟೇ. ಕಿವಿ ಹೇಳಿದ್ದನ್ನ ಮನಸ್ಸು ಸ್ಪೀಡ್ ಅಂದ್ಕೊಳ್ಳುತ್ತೆ.

ಅನುಮಾನ ಬಂದಿದ್ದು ಟ್ರಾಫಿಕ್ಕಲ್ಲಿ. ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಹತ್ತು ನಿಮಿಷ ನಿಂತು ಹೊರಟ್ರೆ ಗಾಡಿ ಯಾಕೋ ಜಡ. ಮೀನಿನ ತೊಟ್ಟಿಗೆ ಹಾಕೋ ವೈರ್ ಇರೋ ಡಿಜಿಟಲ್ ಥರ್ಮಾಮೀಟರ್ ಬರುತ್ತಲ್ಲ, ಇನ್ನೂರು ರೂಪಾಯಿದು, ಅದರ ಮೂತಿನ ಫಿಲ್ಟರ್ ಪಕ್ಕ ಕಟ್ಟಿ ಡಿಸ್‌ಪ್ಲೇನ ಒಳಗೆ ತಂದ್ಕೊಂಡೆ. ಹೊರಗೆ 33 ಡಿಗ್ರಿ, ಫಿಲ್ಟರ್ ಪಕ್ಕ 61! ಗಾಳಿ 3 ಡಿಗ್ರಿ ಬಿಸಿಯಾದ್ರೆ ಹೆಚ್ಚುಕಮ್ಮಿ 1 ಪರ್ಸೆಂಟ್ ತೆಳುವಾಗುತ್ತೆ, ಅಂದ್ರೆ ಇಂಜಿನ್‌ಗೆ ಸಿಗೋ ಆಮ್ಲಜನಕದಲ್ಲಿ 8-9 ಪರ್ಸೆಂಟ್ ಅಲ್ಲೇ ಖೋತಾ. ನೆಲಮಂಗಲ ದಾಟಿ ಓಟ ಸಿಕ್ಕಿದ ಮೇಲೆ 41ಕ್ಕೆ ಇಳೀತು, ಆದ್ರೂ ಹೊರಗಿನ ಗಾಳಿಯಷ್ಟಲ್ಲ. ಕಂಪನಿಯವ್ರು ಏರ್‌ಬಾಕ್ಸಿಂದ ಮುಂದಕ್ಕೆ ಒಂದು ಪ್ಲಾಸ್ಟಿಕ್ ಸೊಂಡಿಲು ಕೊಟ್ಟಿರ್ತಾರೆ, ತಣ್ಣನೆ ಗಾಳಿ ಎಳ್ಕೊಳ್ಳಲಿ ಅಂತ. ಅಂಗಡಿಯವನು ಅದನ್ನ ಕಿತ್ತು "ಇದು ವೇಸ್ಟ್ ಸಾರ್" ಅಂತ ಡಿಕ್ಕಿಗೆ ಎಸೆದಿದ್ದ. ಅಂಥ ಸೊಂಡಿಲಿಗೇ ಕೋಲ್ಡ್ ಏರ್ ಇನ್‌ಟೇಕ್ ಅಂತ ಹೆಸರಿಟ್ಟು ಮಾರ್ತಾರೆ ಅಂತ ಆಮೇಲೆ ಗೊತ್ತಾಯ್ತು!

ಈಗ ಸೈಲೆನ್ಸರ್ ಕತೆ. ಅಂಗಡಿಯವನು ಎರಡೂವರೆ ಇಂಚಿನ ಪೈಪ್ ಹಾಕ್ದ, ದಪ್ಪ ಇದ್ದಷ್ಟೂ ಪವರ್ ಅಂದ, ನಾನೂ ತಲೆ ಆಡಿಸ್ದೆ. ಆ ವಾರ ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರೋವಾಗ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಬೇಕಲ್ಲ, ನಾಲ್ಕು ಜನ, ಎಸಿ ಆನ್, ಮುಂದೆ ಟ್ಯಾಂಕರ್. ಮೊದ್ಲು ಮೂರನೇ ಗೇರಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಎರಡಕ್ಕೆ ಇಳಿಸ್ಬೇಕಾಯ್ತು, 2,000 ಆರ್‌ಪಿಎಂ ಹತ್ರ ಜೀವಾನೇ ಇಲ್ಲ. ಅಪ್ಪ ಹಿಂದಿನ ಸೀಟಿಂದ "ಟ್ರ್ಯಾಕ್ಟರ್ ಸೌಂಡ್ ಬಂದಿದೆ, ಟ್ರ್ಯಾಕ್ಟರ್ ಶಕ್ತಿ ಬಂದಿಲ್ವಲ್ಲೋ" ಅಂದ್ರು.

ಕಾರಣ ಏನಂದ್ರೆ, ಅಜ್ಜಿ ಮನೇಲಿ ಒಲೆ ಊದೋ ಕೊಳವೆ ಇತ್ತಲ್ಲ, ಅದರ ಬದಲು ಬೋರ್‌ವೆಲ್ ಪಿವಿಸಿ ಪೈಪಲ್ಲಿ ಊದಿ ನೋಡಿ, ಬೂದಿನೂ ಅಲ್ಲಾಡಲ್ಲ. ಸಿಲಿಂಡರಿಂದ ಹೊಗೆ ಒಂದೇ ಸಮ ಹರಿಯೋದಲ್ಲ, ಗುದ್ದು ಗುದ್ದಾಗಿ ಬರುತ್ತೆ, ಒಂದು ಗುದ್ದು ಜೋರಾಗಿ ಮುಂದೆ ಹೋದ್ರೆ ಅದರ ಬೆನ್ನಿಗೆ ಪ್ರೆಷರ್ ಕಮ್ಮಿಯಾಗಿ ಮುಂದಿನ ಹೊಗೆನ ಎಳ್ಕೊಳ್ಳುತ್ತೆ. ಸಣ್ಣ ಇಂಜಿನ್‌ಗೆ ಪೈಪ್ ತೀರಾ ದಪ್ಪ ಆದ್ರೆ ಆ ವೇಗ ಸತ್ತೋಗುತ್ತೆ, ಕಮ್ಮಿ ಆರ್‌ಪಿಎಂನಲ್ಲಿ ಎಳೆತ ಹೋಗುತ್ತೆ. ಜನ ಇದನ್ನೇ "ಬ್ಯಾಕ್ ಪ್ರೆಷರ್ ಬೇಕು" ಅಂತಾರೆ, ನಿಜವಾಗಿ ಬೇಕಾಗಿರೋದು ವೇಗ, ಅಡ್ಡಿ ಅಲ್ಲ.

ಸರಿ ಅಳತೆ ಮಾಡೋಣ ಅಂತ ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಖಾಲಿ ರೋಡಲ್ಲಿ ಮೂರನೇ ಗೇರ್, 40ರಿಂದ 80. ಗೆಳೆಯ ಪಕ್ಕದಲ್ಲಿ ಕೂತು ಸ್ಪೀಡೋಮೀಟರ್ ವಿಡಿಯೋ ಮಾಡ್ದ, ಆಮೇಲೆ ಫ್ರೇಮ್ ಎಣಿಸಿದ್ವಿ. ಕೋನ್ ಫಿಲ್ಟರ್ ಪ್ಲಸ್ ಎರಡೂವರೆ ಇಂಚು: 9.6 ಸೆಕೆಂಡ್. ಮತ್ತೊಂದು ವಾರ ಹಳೇದೆಲ್ಲ ವಾಪಸ್ ಹಾಕಿ, ಅದೇ ರೋಡು, ಅದೇ ಇಬ್ಬರು: 9.1. ಮೂರು ಮೂರು ಸಲದ ಸರಾಸರಿ ಇದು. "ಮಗಾ, ದುಡ್ಡು ಕೊಟ್ಟು ಅರ್ಧ ಸೆಕೆಂಡ್ ಕಳ್ಕೊಂಡ್ಯಲ್ಲೋ" ಅಂತ ಅವನು ಇವತ್ತಿಗೂ ಆಡ್ಕೊಳ್ತಾನೆ. ಆಮೇಲೆ 2 ಇಂಚಿನ ಪೈಪ್ ಹಾಕಿಸಿ ಸ್ಟಾಕ್ ಏರ್‌ಬಾಕ್ಸ್ ಇಟ್ಕೊಂಡ್ರೆ 9.0, ಅಂದ್ರೆ ವ್ಯತ್ಯಾಸ ಇಲ್ಲ ಅಂತಲೇ ತಿಳ್ಕೊಳ್ಳಿ, 0.1 ಅನ್ನೋದು ಬೆರಳು ನಡುಗಿದ್ರೂ ಬರುತ್ತೆ. 5,000 ಮೇಲೆ ಸ್ವಲ್ಪ ಹಗುರಾಗಿ ತಿರುಗುತ್ತೆ ಅನ್ಸುತ್ತೆ, ಆದ್ರೆ ಅಲ್ಲಿಗೆ ದಿನಾ ಯಾರು ಹೋಗ್ತಾರೆ?

ಕೋನ್ ಫಿಲ್ಟರ್ ಬಿಡೋಕೆ ಇನ್ನೊಂದು ಕಾರಣ ಧೂಳು. ನಮ್ಮೂರ ಮಣ್ಣು ರಸ್ತೆಲಿ ಎರಡು ಬೇಸಿಗೆ ಓಡಿಸಿ ಫಿಲ್ಟರ್ ಬಿಚ್ಚಿ ಒಳಗಿನ ಪೈಪಲ್ಲಿ ಬೆರಳಾಡಿಸಿದ್ರೆ ತುದಿಯೆಲ್ಲ ಕೆಂಪು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು! ಕ್ಲಾಂಪ್ ಸರಿ ಕೂತಿರ್ಲಿಲ್ಲ ಅನ್ಸುತ್ತೆ, ಏನೇ ಇರ್ಲಿ ಅದು ನೇರ ಸಿಲಿಂಡರ್‌ಗೆ.

ಹೈವೇಲಿ ಡ್ರೋನ್ ಬೇರೆ, ಅಂದ್ರೆ ಒಂದೇ ಸಮ ಗುಂಯ್ ಅನ್ನೋ ಸದ್ದು. ನಾಲ್ಕು ಸಿಲಿಂಡರ್ ಇಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಫೈರ್ ಆಗುತ್ತೆ, ಆ ಗುಂಯ್ ಕ್ಯಾಬಿನ್ನೊಳಗೆ ತುಂಬ್ಕೊಂಡು ಹಾಸನ ಬರೋ ಹೊತ್ತಿಗೆ ತಲೆನೋವು. ಇನ್ನೂ 3,500 ಕೊಟ್ಟು ಮಧ್ಯೆ ರೆಸೋನೇಟರ್ (ಆ ಗುಂಯ್ ಸದ್ದನ್ನ ತಗ್ಗಿಸೋ ಡಬ್ಬಿ) ವೆಲ್ಡ್ ಮಾಡಿಸಿದ ಮೇಲೆ ಮುಕ್ಕಾಲು ಪಾಲು ಹೋಯ್ತು. ಮೈಲೇಜ್ 15.5 ಇದ್ದಿದ್ದು 14ಕ್ಕೆ ಬಿತ್ತು, ಅದು ಪೈಪ್ ತಪ್ಪಲ್ಲ, ಸದ್ದು ಕೇಳೋಕೆ ಒತ್ತುತ್ತಿದ್ದ ನನ್ನ ಕಾಲಿಂದು.

ಒಂದು ಮಾತ್ರ ಸರಿ ಮಾಡ್ದೆ, ಕ್ಯಾಟ್ ಮುಟ್ಟಿಸ್ಲಿಲ್ಲ. "ಒಳಗಿಂದು ಕುಟ್ಟಿ ಖಾಲಿ ಮಾಡ್ಕೊಡ್ತೀನಿ ಸಾರ್, ಯಾರಿಗೂ ಗೊತ್ತಾಗಲ್ಲ" ಅಂದಿದ್ದ ಅಂಗಡಿಯವನು. ಹೊಗೆ ವಿಷ ಹಂಗೇ ಆಚೆ ಬರುತ್ತೆ, ಹಿಂದೆ ಎರಡನೇ ಆಕ್ಸಿಜನ್ ಸೆನ್ಸರ್ ಇರೋ ಗಾಡಿಲಿ ಚೆಕ್ ಇಂಜಿನ್ ಲೈಟೂ ಹತ್ತುತ್ತೆ. ಸದ್ದಿನ ವಿಷಯಕ್ಕೂ ಹುಷಾರು, ಮೋಟಾರು ವಾಹನ ಕಾಯ್ದೆ 190(2)ರಲ್ಲಿ 2019ರ ತಿದ್ದುಪಡಿ ಆದ್ಮೇಲೆ ದಂಡ 10,000ದವರೆಗೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು.

ಟರ್ಬೊ ಗಾಡಿಯವ್ರು ನನ್ನ ಮೇಲೆ ಜಗಳಕ್ಕೆ ಬರ್ಬೇಡಿ, ನಿಮ್ಮ ಲೆಕ್ಕ ಬೇರೆ. ಅಲ್ಲಿ ಟರ್ಬೊ ಆಚೆ ಇರೋ ಅಡ್ಡಿ ಕಮ್ಮಿ ಮಾಡಿ ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ರೆ ನಿಜವಾದ ವ್ಯತ್ಯಾಸ ಬರುತ್ತೆ, ಬರೀ ಪೈಪ್ ಹಾಕಿದ್ರೆ ಅಲ್ಲೂ ಅಷ್ಟಕ್ಕಷ್ಟೇ.

ಈಗ ಗಾಡೀಲಿ ಇರೋದು ಸ್ಟಾಕ್ ಏರ್‌ಬಾಕ್ಸ್, ಮಾಮೂಲಿ ಪೇಪರ್ ಫಿಲ್ಟರ್, 2 ಇಂಚಿನ ಪೈಪ್. ಕೋನ್ ಫಿಲ್ಟರ್ ಅಟ್ಟದ ಮೇಲೆ, ಪಕ್ಕದಲ್ಲೇ ಹಳೇ ಸೈಲೆನ್ಸರ್ ಗೋಣಿಚೀಲದಲ್ಲಿ ಸುತ್ತಿಟ್ಟಿದೀನಿ, 2028ಕ್ಕೆ ಗಾಡಿಗೆ 15 ವರ್ಷ ತುಂಬುತ್ತೆ, ಎಫ್‌ಸಿಗೆ ಹೋಗೋವಾಗ ಅದೇ ಬೇಕಲ್ಲ.