ದಾಳಿಂಬೆ ಸಸಿ ಲಾರಿಯಿಂದ ಇಳಿಸಿಕೊಳ್ಳುವ ಮುಂಚೆ ಇದನ್ನು ಓದಿ

ಕುಷ್ಟಗಿ ಸೀಮೆಯ ಮಸಾರಿ (ಕೆಂಪು ಮಣ್ಣಿನ) ಹೊಲವೊಂದರಲ್ಲಿ 3 ಎಕರೆ ದಾಳಿಂಬೆ ತೋಟವನ್ನು ನಾಲ್ಕನೇ ವರ್ಷಕ್ಕೇ ಜೆಸಿಬಿ ಹಚ್ಚಿ ಕೀಳಿಸಬೇಕಾಯಿತು. ತಳಿ ಭಗವಾ, ಅಂತರ 15ಕ್ಕೆ 10 ಅಡಿ, ಎಕರೆಗೆ ಸುಮಾರು 290 ಗಿಡ. ಡ್ರಿಪ್ ಇತ್ತು, ಕೊಟ್ಟಿಗೆ ಗೊಬ್ಬರ ಇತ್ತು, ದುಡಿಯುವ ಕೈಗೂ ಕೊರತೆ ಇರಲಿಲ್ಲ. ತೋಟವನ್ನು ತಿಂದದ್ದು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ, ನಮ್ಮ ಕಡೆ ಮಂದಿ ತೇಲ್ಯಾ ಅನ್ನುವ ರೋಗ. ಅದು ಮಳೆಯಿಂದ ಬಂತು, ಪಕ್ಕದ ತೋಟದಿಂದ ಬಂತು ಎಂದು ಊರೆಲ್ಲ ಮಾತಾಡಿತು. ಆದರೆ ಸುತ್ತ ಎಲ್ಲೂ ದಾಳಿಂಬೆಯೇ ಇರಲಿಲ್ಲ. ರೋಗ ಬಂದದ್ದು ಸಸಿಯ ಜೊತೆಗೇ, ಅದೇ ಲಾರಿಯಲ್ಲಿ.

ಆ ಸಸಿಗಳನ್ನು ತಂದುಕೊಟ್ಟವನು ಊರೂರು ತಿರುಗುವ ಒಬ್ಬ ಏಜೆಂಟ್. ಗೂಟಿ ಕಟ್ಟಿದ (ತಾಯಿಗಿಡದ ಕೊಂಬೆಗೇ ಬೇರು ಬರಿಸಿ ಕತ್ತರಿಸಿ ತೆಗೆದ) ಸಸಿ, ಬೇರೆಡೆಗಿಂತ ದರ ಕಡಿಮೆ, ಹೊಲಕ್ಕೇ ತಂದು ಇಳಿಸುವ ಮಾತು. ಬಿಲ್ ಇಲ್ಲ, ಯಾವ ನರ್ಸರಿ ಎಂಬ ಚೀಟಿಯೂ ಇಲ್ಲ. ಮೇ ತಿಂಗಳ ಬಿಸಿಲಲ್ಲಿ ಬಂದ ಸಸಿಗಳು ನೋಡಲು ಚೊಕ್ಕವಾಗಿದ್ದವು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಈ ದುಂಡಾಣು ಒಣ ಬೇಸಿಗೆಯಲ್ಲಿ ಮುಖ ತೋರಿಸುವುದಿಲ್ಲ. ಕಾಂಡದ ಗಿಣ್ಣಿನಲ್ಲಿ, ಮೊಗ್ಗಿನ ಕಣ್ಣಿನಲ್ಲಿ ಸುಮ್ಮನೆ ಅಡಗಿರುತ್ತದೆ. ಉಷ್ಣಾಂಶ 30 ಡಿಗ್ರಿ ಆಸುಪಾಸಿಗೆ ಬಂದು, ಗಾಳಿಯ ತೇವ ಶೇ 80 ದಾಟಿ, ಮೇಲೆ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಆಗ ಹೊರಗೆ ಬೀಳುತ್ತದೆ.

ಮೊದಲ ವರ್ಷದ ಆಗಸ್ಟ್‌ನಲ್ಲಿ ಕೆಲವು ಗಿಡಗಳ ಎಲೆಯಲ್ಲಿ ಚುಕ್ಕೆ ಕಂಡಿತ್ತು. ಅಂಗಡಿಯಲ್ಲಿ ತೋರಿಸಿದರೆ ಲಘು ಪೋಷಕಾಂಶದ ಕೊರತೆ ಎಂದು ಹೇಳಿ ಒಂದು ಟಾನಿಕ್ ಕೊಟ್ಟು ಕಳಿಸಿದರು. ರೋಗ ಹಿಡಿದ ಹದಿನೈದಿಪ್ಪತ್ತು ಗಿಡಗಳನ್ನು ಅಂದೇ ಕಿತ್ತು ಸುಟ್ಟಿದ್ದರೆ ತೋಟ ಉಳಿಯುವ ಸಾಧ್ಯತೆ ಇತ್ತು. ಆದ್ದರಿಂದ ಈ ಚುಕ್ಕೆ ಗುರುತಿಸುವುದನ್ನು ಪ್ರತಿಯೊಬ್ಬರೂ ಕಲಿಯಲೇಬೇಕು.

ಬೆಳಗ್ಗೆ ಒಂದು ಎಲೆ ಕಿತ್ತು ಸೂರ್ಯನಿಗೆ ಅಡ್ಡ ಹಿಡಿಯಿರಿ. ಅಂಗಮಾರಿಯ ಚುಕ್ಕೆ ಶುರುವಿನಲ್ಲಿ ನೀರು ಹೀರಿದ ಹಾಗೆ ಇರುತ್ತದೆ, ಅದರ ಮೂಲಕ ಬೆಳಕು ಹಾಯುತ್ತದೆ, ಸುತ್ತ ಹಳದಿ ಉಂಗುರ ಇರುತ್ತದೆ. ಗಾತ್ರ 2ರಿಂದ 5 ಮಿಲಿಮೀಟರ್. ಆಮೇಲೆ ಕಂದು, ಕಪ್ಪು ಬಣ್ಣಕ್ಕೆ ತಿರುಗಿ, ಚುಕ್ಕೆಗಳು ಕೂಡಿಕೊಂಡು ಎಲೆ ಉದುರುತ್ತದೆ. ಕಾಂಡದಲ್ಲಿ ಗಿಣ್ಣಿನ ಸುತ್ತ ಕಪ್ಪು ಕಲೆ ಬಿದ್ದು, ಅದು ಬಳೆಯಂತೆ ಸುತ್ತುವರಿದರೆ ಕೊಂಬೆ ಅಲ್ಲಿಗೇ ಪಟ್ಟನೆ ಮುರಿಯುತ್ತದೆ. ಕಾಯಿಯ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಕಲೆ ಎದ್ದು, ಅದರ ನಡುವೆ ನಕ್ಷತ್ರದ ಆಕಾರಕ್ಕೆ ಸಿಪ್ಪೆ ಬಿರಿಯುತ್ತದೆ. ಬೇರೆ ಕಲೆಗಳಿಗೆ ಈ ಬಿರುಕು ಇರುವುದಿಲ್ಲ. ಥ್ರಿಪ್ಸ್ ಎಂಬ ಸಣ್ಣ ಕೀಟ ಕೆರೆದ ಕಲೆ ಸಿಪ್ಪೆಯ ಮೇಲ್ಪದರದಲ್ಲಷ್ಟೇ ಒರಟಾಗಿ ನಿಲ್ಲುತ್ತದೆ. ಬಿಸಿಲಿಗೆ ಸುಟ್ಟ ಕಲೆ ಬಿಸಿಲು ಬಡಿಯುವ ಒಂದೇ ಮಗ್ಗುಲಿಗೆ ಇರುತ್ತದೆ. ಅನುಮಾನ ಇದ್ದರೆ ಚುಕ್ಕೆ ಇರುವ ಹಸಿ ಎಲೆಗಳನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ. ಚುಕ್ಕೆಯ ಅಂಚನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಾಣು ಹೊಗೆಯಂತೆ ಹೊರಬರುವುದು ಕಾಣುತ್ತದೆ. ಸ್ವಲ್ಪ ಹೊತ್ತಿನ ಕೆಲಸ. ಅಂಗಡಿಯವರ ಅಂದಾಜಿಗೆ ತೋಟ ಒಪ್ಪಿಸಬೇಡಿ.

ಎರಡನೇ ತಪ್ಪು ಬಹಾರದ, ಅಂದರೆ ಹೂ ತರಿಸಿ ಫಸಲು ಹಿಡಿಯುವ ಕಾಲದ ಆಯ್ಕೆ. ಮೊದಲ ಫಸಲಿಗೆ ಮೃಗ ಬಹಾರ ಹಿಡಿದರು. ಜೂನ್ ಜುಲೈನಲ್ಲಿ ಹೂ, ಕಾಯಿ ಬಲಿಯುವುದೆಲ್ಲ ಮಳೆಗಾಲದಲ್ಲಿ. ನೀರಿನ ಖರ್ಚು ಕಡಿಮೆ ಎಂಬ ಕಾರಣಕ್ಕೆ ಇದು ಸುಲಭವಾಗಿ ಕಂಡರೂ ರೋಗ ಒಳಗಿರುವ ತೋಟಕ್ಕೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ. ಕಾಯಿ ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ಎಲೆಯಲ್ಲಿದ್ದ ರೋಗ ಮಳೆಹನಿ ಸಿಡಿದು ಕಾಯಿಗೆ ಹತ್ತಿತು. ಸೆಪ್ಟೆಂಬರ್‌ಗೆ ಖರೀದಿದಾರ ತೋಟಕ್ಕೆ ಒಂದು ಸುತ್ತು ಹಾಕಿ, ದರ ಮಾತಾಡದೆ ವಾಪಸ್ ಹೋದ.

ನಡುವೆ ನಡೆದ ಔಷಧಿ ಸಿಂಪಡಣೆಯ ಲೆಕ್ಕ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಒಂದೇ ಟ್ಯಾಂಕಿನಲ್ಲಿ ಆ್ಯಂಟಿಬಯೋಟಿಕ್, ತಾಮ್ರದ ಔಷಧಿ, ಕೀಟನಾಶಕ, ಟಾನಿಕ್ ಎಲ್ಲ ಕಲಸಿ ಹೊಡೆದರು. ಅಂಗಾಂಶದ ಒಳಗೆ ಸೇರಿಕೊಂಡ ದುಂಡಾಣುವನ್ನು ಮೇಲಿಂದ ಹೊಡೆದ ತಾಮ್ರ ಮುಟ್ಟುವುದಿಲ್ಲ. ಅದು ಹೊಸದಾಗಿ ಹತ್ತುವುದನ್ನಷ್ಟೇ ತಡೆಯಬಲ್ಲದು, ಅದೂ ಮಳೆಗೆ ಮುಂಚೆ ಎಲೆ ಮೇಲೆ ಕೂತಿದ್ದರೆ. ಆ್ಯಂಟಿಬಯೋಟಿಕ್ ಪದೇಪದೇ ಹೊಡೆದರೆ ಅದಕ್ಕೆ ಬಗ್ಗದ ದುಂಡಾಣುವೇ ಉಳಿದು ಬೆಳೆಯುತ್ತದೆ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಕೃಷಿಯಲ್ಲಿ ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿದೆ. ಇನ್ನೂ ಅದರ ಮೇಲೆ ತೋಟ ಕಟ್ಟಲು ಹೋಗಬೇಡಿ.

ತುತ್ತ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ನಂಬಬಹುದಾದದ್ದು, ಆದರೆ ಅದನ್ನು ಸರಿಯಾಗಿ ಮಾಡುವವರು ಕಡಿಮೆ. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಬೇರೆ ಡ್ರಮ್ಮಿನಲ್ಲಿ 1 ಕೆಜಿ ಒಳ್ಳೆಯ ಸುಣ್ಣವನ್ನು 50 ಲೀಟರ್ ನೀರಿಗೆ ಹಾಕಿ ಸೋಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ, ಸುಣ್ಣದ ನೀರನ್ನು ತುತ್ತಕ್ಕೆ ಸುರಿಯಬೇಡಿ. ತುಕ್ಕಿಲ್ಲದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಅಂದು ಮಾಡಿದ್ದನ್ನು ಅಂದೇ ಮುಗಿಸಿ, ಅದಕ್ಕೆ ಬೇರೆ ಯಾವ ಔಷಧಿಯನ್ನೂ ಬೆರೆಸಬೇಡಿ. ಚಾಟನಿ (ಕೊಂಬೆ ಸವರುವುದು) ಮುಗಿದು ಎಲೆ ಇಲ್ಲದಾಗ ಶೇ 1, ಗಿಡದಲ್ಲಿ ಎಲೆ ಕಾಯಿ ಇದ್ದಾಗ ಶೇ 0.5 ಸಾಕು. ಕಾಂಡದ ಗಾಯಗಳಿಗೆ ಬಳಿಯಲು 1 ಕೆಜಿ ತುತ್ತ, 1 ಕೆಜಿ ಸುಣ್ಣಕ್ಕೆ ಒಟ್ಟು 10 ಲೀಟರ್ ನೀರು ಹಾಕಿದ ಮುಲಾಮು ಬೇಕು.

ರೋಗವನ್ನು ಮೂರೂ ಎಕರೆಗೆ ಹಂಚಿದ್ದು ಚಾಟನಿ ಕತ್ತರಿ. ಗುತ್ತಿಗೆಗೆ ಬರುವ ತಂಡ ನಿನ್ನೆ ಯಾರ ತೋಟದಲ್ಲಿತ್ತೋ ಗೊತ್ತಿಲ್ಲ, ಅದೇ ಕತ್ತರಿ ಇಂದು ನಿಮ್ಮ ಗಿಡಕ್ಕೆ. ರೋಗದ ಗಿಡ ಕತ್ತರಿಸಿ ಮುಂದಿನ ಗಿಡಕ್ಕೆ ಹೋದರೆ ನೀವೇ ಕೈಯಾರೆ ರೋಗ ಚುಚ್ಚಿದಂತೆ. ಆಳಿಗೆ ಎರಡೆರಡು ಕತ್ತರಿ ಕೊಡಿ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಶೇ 2.5ರ ಸೋಡಿಯಂ ಹೈಪೋಕ್ಲೋರೈಟ್ (ರೋಗಾಣು ಕೊಲ್ಲುವ ಬ್ಲೀಚ್ ದ್ರಾವಣ) ಬಕೆಟ್ಟಿನಲ್ಲಿ ಮುಳುಗಿರಲಿ, ಪ್ರತಿ ಗಿಡಕ್ಕೂ ಅದಲುಬದಲು. ಡಬ್ಬಿಯ ಮೇಲೆ ಶೇ 5 ಎಂದಿದ್ದರೆ ಸಮ ಪ್ರಮಾಣದ ನೀರು ಬೆರೆಸಿದರೆ ಆಯಿತು. ಬಕೆಟ್ ನೆರಳಲ್ಲಿಡಿ, ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ. ಮಧ್ಯಾಹ್ನ ಹೊಸದಾಗಿ ಮಾಡಿ. ಸಂಜೆ ಕತ್ತರಿ ತೊಳೆದು ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ರೋಗ ಕಂಡ ಜಾಗದಿಂದ 2 ಇಂಚು ಕೆಳಗೆ, ಆರೋಗ್ಯದ ಕಟ್ಟಿಗೆಯಲ್ಲಿ ಕತ್ತರಿಸಬೇಕು. ಎಲೆ ಒದ್ದೆ ಇರುವಾಗ ತೋಟದೊಳಗೆ ಆಳು ಬಿಡಬಾರದು, ಬಟ್ಟೆಗೆ ಅಂಟಿಯೂ ರೋಗ ಸಾಲಿನಿಂದ ಸಾಲಿಗೆ ಹೋಗುತ್ತದೆ.

ಕತ್ತರಿಸಿದ್ದು, ಉದುರಿದ ಎಲೆ, ಬಿರಿದ ಕಾಯಿ ಎಲ್ಲವನ್ನೂ ಆ ತೋಟದಲ್ಲಿ ಬದುವಿಗೆ ಒಟ್ಟಿದ್ದರು. ಉದುರಿದ ಎಲೆಯಲ್ಲೇ ಈ ದುಂಡಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಗುಡಿಸಿ ಅಲ್ಲೇ ಸುಡಿ, ಆಮೇಲೆ ಬುಡದ ನೆಲಕ್ಕೆ ಹೆಕ್ಟೇರಿಗೆ 25 ಕೆಜಿ ಬ್ಲೀಚಿಂಗ್ ಪೌಡರನ್ನು 1000 ಲೀಟರ್ ನೀರಿನಲ್ಲಿ ಕಲಸಿ ಸಿಂಪಡಿಸಿ.

ಈಗ ಸಸಿಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಸಸಿ ನೋಡಿ ಸಸಿ ಕೊಳ್ಳಬೇಡಿ, ತಾಯಿಗಿಡ ನೋಡಿ ಕೊಳ್ಳಿ. ಅದೂ ಬೇಸಿಗೆಯಲ್ಲಲ್ಲ, ಹಿಂದಿನ ವರ್ಷದ ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಮಳೆ ಹಿಡಿದು ವಾರ ಕಳೆದ ಮೇಲೆ ಆ ನರ್ಸರಿಗೆ ಹೋಗಿ. ಗೂಟಿ ಕಟ್ಟುವ ಗಿಡಗಳ ಎಲೆ ಸೂರ್ಯನಿಗೆ ಹಿಡಿಯಿರಿ, ಗಿಣ್ಣು ನೋಡಿ. ತಾಯಿಗಿಡ ತೋರಿಸಲು ಒಪ್ಪದ ಕಡೆ ಒಂದು ಸಸಿಯನ್ನೂ ತೆಗೆದುಕೊಳ್ಳಬೇಡಿ. ತೋರಿಸಿದ ತೋಟದ್ದೇ ಸಸಿ ಬರುತ್ತದೆ ಎಂಬುದಕ್ಕೆ ಗೂಟಿ ಕಟ್ಟುವಾಗ ಒಮ್ಮೆ, ಕತ್ತರಿಸುವಾಗ ಒಮ್ಮೆ ಹೋಗಿ ಬನ್ನಿ. ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿ ದುಬಾರಿಯಾದರೂ ಲ್ಯಾಬಿನಿಂದ ರೋಗ ಇಲ್ಲದೆ ಬರುತ್ತದೆ, ನಮ್ಮ ಅಭಿಪ್ರಾಯದಲ್ಲಿ ಆ ಹೆಚ್ಚಿನ ಹಣ ಕೊಡುವುದೇ ಲೇಸು. ಆದರೆ ಅದಕ್ಕೆ ರೋಗ ಹತ್ತುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಹದಗೊಳಿಸಲು ಇಟ್ಟ ನೆರಳುಮನೆಯ ಪಕ್ಕ ರೋಗದ ತೋಟ ಇದ್ದರೆ ಅಲ್ಲೇ ಹತ್ತುತ್ತದೆ.

ಲಾರಿ ಬಂದಾಗ ಮಾಡಬೇಕಾದದ್ದು ಇನ್ನೂ ಇದೆ. ಸಸಿಯ ಕಾಂಡವನ್ನು ಗಿಣ್ಣಿನ ಬಳಿ ಉಗುರಿನಿಂದ ಕೆರೆಯಿರಿ, ಒಳಗೆ ಹಸಿರು ಬಿಟ್ಟು ಕಂದು ಗೆರೆ ಕಂಡರೆ ಬೇಡ. ಅಲ್ಲಲ್ಲಿಂದ ಹತ್ತಾರು ಚೀಲ ಹರಿದು ಬೇರು ತೊಳೆದು ನೋಡಿ, ಗಂಟು ಗಂಟು ಇದ್ದರೆ ಬೇರಿಗೆ ಹತ್ತುವ ಜಂತುಹುಳು (ನೆಮಟೋಡ್). ಚೀಲದ ಮಣ್ಣಿನ ಜೊತೆ ಸೊರಗು ರೋಗದ ಶಿಲೀಂಧ್ರವೂ ಬರುತ್ತದೆ. ಅದು ಹಿಡಿದ ಗಿಡದಲ್ಲಿ ಮೊದಲು ಒಂದು ಕೊಂಬೆ ಹಳದಿಯಾಗಿ ಒಣಗಿ, ಬುಡ ಅಡ್ಡ ಕತ್ತರಿಸಿದರೆ ಕಟ್ಟಿಗೆಯೊಳಗೆ ಕಪ್ಪು ಕಂದು ಪಟ್ಟೆ ಕಾಣುತ್ತದೆ. ಎರೆ ಭೂಮಿಯವರು ಇದನ್ನು ಇನ್ನೂ ಹೆಚ್ಚು ನಿಗಾ ಇಟ್ಟು ನೋಡಬೇಕು, ಏಕೆಂದರೆ ನೀರು ನಿಲ್ಲುವ ನೆಲದಲ್ಲಿ ಸೊರಗು ಬೇಗ ಸಾಲು ಹಿಡಿಯುತ್ತದೆ. ತಳಿ, ಸಂಖ್ಯೆ, ದಿನಾಂಕ, ನರ್ಸರಿ ಪರವಾನಗಿ ಸಂಖ್ಯೆ ಇರುವ ಬಿಲ್ ಕೈಗೆ ಬರದೆ ಹಣ ಕೊಡಬೇಡಿ. ಕುಷ್ಟಗಿಯ ಆ ತೋಟದವರು ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಏಜೆಂಟಿನ ಫೋನು ಆಗಲೇ ಬಂದ್.

ಈಗಾಗಲೇ ರೋಗ ಇರುವ ತೋಟದವರು ಮಳೆಗಾಲದ ಫಸಲು ಬಿಡಿ. ಗಿಡಕ್ಕೆ 3-4 ತಿಂಗಳು ವಿಶ್ರಾಂತಿ ಕೊಟ್ಟು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೂ ಬರುವ ಹಸ್ತ ಬಹಾರಕ್ಕೆ ಬನ್ನಿ. ಕಾಯಿ ಒಣ ಚಳಿಯಲ್ಲಿ ಬೆಳೆದು ಬೇಸಿಗೆ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ರೋಗದ ಒತ್ತಡ ತುಂಬ ಕಡಿಮೆ. ಇದರ ಕಷ್ಟವೂ ಹೇಳಬೇಕು: ಹೂ ತರಿಸಲು ಆಗಸ್ಟ್‌ನಲ್ಲಿ ಮಳೆ ಇರುವಾಗ ಗಿಡಕ್ಕೆ ನೀರಿನ ಬರ ಕೊಡುವುದು ಸುಲಭವಲ್ಲ, ಎರೆ ಭೂಮಿಯಲ್ಲಂತೂ ಇನ್ನೂ ಕಷ್ಟ. ಹಿರಿಯೂರು, ಶಿರಾ ಕಡೆ ಹಿಂಗಾರು ಜೋರಾದ ವರ್ಷ ಹೂವಿನ ಹೊತ್ತಿಗೇ ಮಳೆ ಬಡಿಯುತ್ತದೆ. ಬೇಸಿಗೆಗೆ ಬೋರಿನ ನೀರು ಉಳಿಯುತ್ತದೆಯೇ ಎಂದೂ ಲೆಕ್ಕ ಹಾಕಿ. ಯೂರಿಯಾ ಕೈಬಿಚ್ಚಿ ಸುರಿಯಬೇಡಿ, ಎಳಸು ಚಿಗುರು ಹೆಚ್ಚಿದಷ್ಟೂ ರೋಗಕ್ಕೆ ಮೇವು.

ಕೀಳುವುದೇ ಗತಿ ಎಂದಾದರೆ ಒಣ ಬೇಸಿಗೆಯಲ್ಲಿ ಕೀಳಿಸಿ. ಗಿಡಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಊರ ದಾರಿಯಲ್ಲಿ ಎಳೆಯಬೇಡಿ, ಆ ದಾರಿಯ ಅಂಚಿಗೆ ಇನ್ನೊಬ್ಬರ ತೋಟ ಇರಬಹುದು. ಹೊಲದಲ್ಲೇ ಸುಡಿ. ಅಲ್ಲಿ ಕೂಡಲೇ ಮತ್ತೆ ದಾಳಿಂಬೆ ಹಾಕಬೇಡಿ. ಜೋಳವೋ ತೊಗರಿಯೋ ಬಿತ್ತಿ, ಸಾಲಿನಲ್ಲಿ ಹಳೆಯ ಬೇರಿನಿಂದ ದಾಳಿಂಬೆ ಚಿಗುರು ಎದ್ದಲ್ಲೆಲ್ಲ ಬೇರುಸಮೇತ ಅಗೆದು ತೆಗೆಯುತ್ತಿರಿ. ಆ ಚಿಗುರಿನಲ್ಲೂ ರೋಗ ಇರುತ್ತದೆ.