ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ವರೆಗೆ: ಹೆಸರಿಗೆ ಒಂದು ಸೈಕಲ್ ದಾರಿ, ತುಳಿಯಲು ಎರಡು

ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್ ಡಿ.ಸಿ.ವರೆಗೆ ಸುಮಾರು 335 ಮೈಲಿ, ಅಂದರೆ 540 ಕಿ.ಮೀ.ನಷ್ಟು ದೂರವನ್ನು ಕಾರು, ಲಾರಿಗಳ ಕಾಟವಿಲ್ಲದೆ ಸೈಕಲ್ಲಿನಲ್ಲಿ ಕ್ರಮಿಸಬಹುದು. ಮೊದಲ 150 ಮೈಲಿ ಗ್ರೇಟ್ ಅಲೆಘೆನಿ ಪ್ಯಾಸೇಜ್, ಸೈಕಲ್ ಸವಾರರ ಬಾಯಲ್ಲಿ ‘ಗ್ಯಾಪ್’. ರೈಲು ನಿಂತುಹೋದ ಮೇಲೆ ಹಳಿ ಕಿತ್ತ ಜಾಗದಲ್ಲಿ ಮಾಡಿದ ದಾರಿ ಇದು. ಮೇರಿಲ್ಯಾಂಡ್‌ನ ಕಂಬರ್ಲ್ಯಾಂಡ್ ಊರಿನಲ್ಲಿ ಇದು ಮುಗಿಯುವಲ್ಲೇ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದಂಡೆದಾರಿ ಶುರುವಾಗುತ್ತದೆ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಆ ದಾರಿ 184.5 ಮೈಲಿ ಉದ್ದ. ಎರಡನ್ನೂ ಸೇರಿಸಿ ಒಂದೇ ಪ್ರವಾಸ ಅನ್ನುವುದು ರೂಢಿ. ಆದರೆ ಟೈರು, ದಿನದ ದೂರ, ನೀರು, ಊಟ ಎಲ್ಲವನ್ನೂ ಎರಡನೆಯ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಲೆಕ್ಕ ಹಾಕಬೇಕು. ಗ್ಯಾಪ್ ನೋಡಿ ತಯಾರಾದವರು ಕಂಬರ್ಲ್ಯಾಂಡ್ ದಾಟಿದ ಮೇಲೆ ಪರದಾಡುತ್ತಾರೆ.

ಮೊದಲು ದಿಕ್ಕಿನ ವಿಚಾರ. ಪಿಟ್ಸ್‌ಬರ್ಗ್‌ನಿಂದ ಹೊರಟರೆ ಸುಮಾರು 200 ಕಿ.ಮೀ. ಉದ್ದಕ್ಕೂ ಹರಡಿಕೊಂಡ 500 ಮೀಟರಿನ ಏರು. ರೈಲಿಗೆಂದು ಕಟ್ಟಿದ ದಾರಿಯಾದ್ದರಿಂದ ಹೆಚ್ಚಿನ ಕಡೆ ಶೇ. 1ರಷ್ಟೂ ಏರಿಲ್ಲ, ಏರುತ್ತಿದ್ದೇವೆ ಎಂಬುದು ಕಾಲಿಗೆ ಗೊತ್ತಾಗುವುದೇ ಕಡಿಮೆ. ಅತಿ ಎತ್ತರದ ಜಾಗ ಪೂರ್ವ ಜಲವಿಭಜಕ ರೇಖೆ, ಸಮುದ್ರಮಟ್ಟದಿಂದ 2,392 ಅಡಿ. ಅದರ ಒಂದು ಬದಿಗೆ ಬಿದ್ದ ಮಳೆ ಮೆಕ್ಸಿಕೋ ಕೊಲ್ಲಿ ಸೇರಿದರೆ ಇನ್ನೊಂದು ಬದಿಯದು ಅಟ್ಲಾಂಟಿಕ್ ಕಡೆಗೆ. ಅಲ್ಲಿಂದ ಕಂಬರ್ಲ್ಯಾಂಡ್‌ಗೆ 38 ಕಿ.ಮೀ. ಒಂದೇ ಸಮನೆ ಇಳಿಜಾರು. ವಾಷಿಂಗ್ಟನ್ ಕಡೆಯಿಂದ ಬಂದರೆ ಇದೇ 38 ಕಿ.ಮೀ. ಏರಾಗುತ್ತದೆ, ಕೆಲವೆಡೆ ಶೇ. 1.75ರವರೆಗೆ. ಸಾಮಾನು ಹೇರಿಕೊಂಡು ಮೂರು ಗಂಟೆ ಬಿಡುವಿಲ್ಲದೆ ತುಳಿಯಬೇಕು. ಅಸಾಧ್ಯವೇನಲ್ಲ, ಆದರೆ ಮೊದಲ ಸಲ ಹೋಗುವವರು ಪಿಟ್ಸ್‌ಬರ್ಗ್‌ನಿಂದಲೇ ಹೊರಡುವುದು ಸರಿ.

ಗ್ಯಾಪ್‌ನ ಮೇಲ್ಮೈಗೆ ಪೂರ್ತಿ ಅಂಕ ಕೊಡಬೇಕು. ಸುಣ್ಣಕಲ್ಲಿನ ಸಣ್ಣ ಪುಡಿಯನ್ನು ಹಾಸಿ ಗಟ್ಟಿಯಾಗಿ ಒತ್ತಿದ್ದಾರೆ; ಮಳೆ ಬಂದರೂ ನೀರು ಬೇಗ ಇಳಿದುಹೋಗುತ್ತದೆ. ಸಾಮಾನಿನೊಂದಿಗೆ ಗಂಟೆಗೆ 15ರಿಂದ 18 ಕಿ.ಮೀ. ಆರಾಮಾಗಿ ಸಾಗುತ್ತದೆ. ಪಿಟ್ಸ್‌ಬರ್ಗ್‌ನ ಸುತ್ತಲಿನ ಹಳೆಯ ಉಕ್ಕಿನ ಕಾರ್ಖಾನೆಗಳ ಭಾಗವನ್ನು ಬೇಗ ದಾಟಿಬಿಡಿ. ನಿಜವಾದ ಸೊಗಸು ಕಾನೆಲ್ಸ್‌ವಿಲ್ ಆದಮೇಲೆ. ಅಲ್ಲಿಂದ ಒಹಾಯೊಪೈಲ್‌ವರೆಗಿನ 27 ಕಿ.ಮೀ.ನಲ್ಲಿ ಊರೇ ಇಲ್ಲ. ಒಂದು ಕಡೆ ಕಡಿದಾದ ಕಾಡು, ಇನ್ನೊಂದು ಕಡೆ ಕೆಳಗೆ ಯಾಕಿಗೇನಿ ನದಿ. ಎಲೆಗಳ ನಡುವೆ ನೊರೆ ಕಾಣುವ ಮೊದಲೇ ನೀರಿನ ಸದ್ದು ಕಿವಿಗೆ ಬೀಳುತ್ತದೆ. ಈ ದಾರಿಯ ಮೊದಲ ತುಂಡು 1986ರಲ್ಲಿ ತೆರೆದದ್ದು ಒಹಾಯೊಪೈಲ್ ಬಳಿಯೇ. ಪಿಟ್ಸ್‌ಬರ್ಗ್‌ವರೆಗೆ ಪೂರ್ತಿಯಾದದ್ದು 2013ರಲ್ಲಿ. ಮೂರು ಹೊಳೆಗಳು ಕೂಡುವ ಕಾನ್‌ಫ್ಲುಯೆನ್ಸ್ ಊರಿನಿಂದ ಮುಂದೆ ಕ್ಯಾಸಲ್‌ಮನ್ ನದಿಯ ಕಣಿವೆ. ಮೇಯರ್ಸ್‌ಡೇಲ್‌ಗೆ ಸ್ವಲ್ಪ ಮೊದಲು ಸಾಲಿಸ್‌ಬರಿ ವಯಾಡಕ್ಟ್, ಅಂದರೆ ಕಣಿವೆ ದಾಟಿಸುವ ಎತ್ತರದ ಹಳೆಯ ರೈಲು ಸೇತುವೆ, ಸಿಗುತ್ತದೆ. 1,908 ಅಡಿ ಉದ್ದ, ನೆಲದಿಂದ 101 ಅಡಿ ಎತ್ತರ. ಅದರ ಮೇಲೆ ಅಡ್ಡಗಾಳಿ ಜೋರಾಗಿದ್ದರೆ ಚೀಲಗಳಿಗೆ ಗಾಳಿ ಹಿಡಿದು ಸೈಕಲ್ ಪಕ್ಕಕ್ಕೆ ತಳ್ಳಿದ ಹಾಗೆ ಆಗುತ್ತದೆ. ಹಾಗಿದ್ದಾಗ ಇಳಿದು ನಡೆಯಿರಿ.

ಬಿಗ್ ಸ್ಯಾವೇಜ್ ಸುರಂಗದ ವಿಷಯದಲ್ಲಿ ತಾರೀಖು ನೋಡಿಕೊಳ್ಳದೆ ಹೊರಡಬೇಡಿ. 3,294 ಅಡಿ ಉದ್ದದ ಈ ಸುರಂಗದೊಳಗೆ ದೀಪಗಳಿವೆ. ಆದರೆ ಒಳಗೆ ಜಿನುಗುವ ನೀರು ಹೆಪ್ಪುಗಟ್ಟಿ ಗೋಡೆ ಕೆಡದಿರಲೆಂದು ಡಿಸೆಂಬರ್‌ನಿಂದ ಏಪ್ರಿಲ್ ಆರಂಭದವರೆಗೆ ಬಾಗಿಲು ಹಾಕುತ್ತಾರೆ. ಬದಲಿ ದಾರಿ ಎಂದರೆ ಬೆಟ್ಟ ಹತ್ತಿಳಿಯುವ ಮೋಟಾರು ರಸ್ತೆ. ಅದನ್ನು ನಂಬಿ ಹೋಗಬಾರದು. ಮುಂದೆ ಬೋರ್ಡನ್ ಸುರಂಗದಲ್ಲಿ ದೀಪವಿಲ್ಲ. ಇಳಿಜಾರಿನಲ್ಲಿ ಬಿಸಿಲಿನಿಂದ ನೇರ ಕತ್ತಲೆಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳುವುದಿಲ್ಲ. ಸುರಂಗದ ಬಾಯಿ ಸೇರುವ ಮೊದಲೇ ತಂಪು ಕನ್ನಡಕ ತೆಗೆದು, ಲೈಟ್ ಹಾಕಿ, ವೇಗ ಇಳಿಸಿ. ಫ್ರಾಸ್ಟ್‌ಬರ್ಗ್‌ನಿಂದ ಕೆಳಗೆ ದಾರಿಯ ಪಕ್ಕದಲ್ಲೇ ಪ್ರವಾಸಿ ರೈಲಿನ ಹಳಿ ಇದೆ. ಬ್ರಷ್ ಸುರಂಗವನ್ನು ರೈಲು, ಸೈಕಲ್ ಎರಡೂ ಬಳಸುತ್ತವೆ. ರೈಲಿನ ಸದ್ದು ಕೇಳಿದರೆ ಹೊರಗೇ ನಿಲ್ಲುವುದು ಒಳ್ಳೆಯದು.

ಗ್ಯಾಪ್‌ನ ಮೈಲಿಗಲ್ಲುಗಳು ಇಳಿಯುತ್ತ ಬಂದು ಕಂಬರ್ಲ್ಯಾಂಡ್‌ನಲ್ಲಿ ಸೊನ್ನೆಯಾಗುತ್ತವೆ. ಅಲ್ಲೇ ಕಾಲುವೆಯ ಲೆಕ್ಕ 184.5ರಿಂದ ಶುರುವಾಗಿ ವಾಷಿಂಗ್ಟನ್ ಕಡೆಗೆ ಇಳಿಯುತ್ತ ಹೋಗುತ್ತದೆ. ಅಂಗಡಿ, ವಸತಿ, ತುರ್ತು ನೆರವು ಎಲ್ಲದಕ್ಕೂ ಜನ ಈ ಮೈಲಿಗಳನ್ನೇ ಹೇಳುವುದರಿಂದ ಸೈಕಲ್ಲಿನ ದೂರಮಾಪಕವನ್ನೂ ಮೈಲಿಗೇ ಇಟ್ಟುಕೊಳ್ಳಿ. ಕಂಬರ್ಲ್ಯಾಂಡ್‌ನಲ್ಲಿ ಕಾಲುವೆಯ ದಾರಿ ಶುರುವಾಗುವ ಜಾಗದ ಪಕ್ಕದಲ್ಲೇ ಒಂದು ಸೈಕಲ್ ಅಂಗಡಿ ಇದೆ. ಬ್ರೇಕ್ ಪ್ಯಾಡ್, ಟ್ಯೂಬ್ ಏನಾದರೂ ಬೇಕಿದ್ದರೆ ಅಲ್ಲೇ ತೆಗೆದುಕೊಳ್ಳಬೇಕು. ಮುಂದಿನ 60 ಮೈಲಿ, ಅಂದರೆ ಹ್ಯಾನ್‌ಕಾಕ್‌ವರೆಗೆ, ಅಂಗಡಿ ಎಂದು ಹೇಳಿಕೊಳ್ಳುವಂಥದ್ದು ವಿರಳ, ಮೊಬೈಲ್ ಸಿಗ್ನಲ್ಲೂ ಬಂದು ಹೋಗಿ ಮಾಡುತ್ತದೆ. ಎರಡು ಹೊತ್ತಿನ ಊಟ ಚೀಲದಲ್ಲಿರಲಿ.

ದಂಡೆದಾರಿಯ ನೆಲವೇ ಬೇರೆ. ಹಲವೆಡೆ ಬರಿ ಜೇಡಿಮಣ್ಣು: ಎರಡು ಗಾಲಿಜಾಡು, ನಡುವೆ ಹುಲ್ಲಿನ ದಿಬ್ಬ, ಅಡ್ಡಕ್ಕೆ ಬೇರುಗಳು. ರಾಷ್ಟ್ರೀಯ ಉದ್ಯಾನ ಸೇವೆಯವರು ಕೆಲವು ಭಾಗಗಳಿಗೆ ಹೊಸದಾಗಿ ಕಲ್ಲುಪುಡಿ ಹಾಸಿದ್ದಾರೆ, ಅಲ್ಲಿ ಗ್ಯಾಪ್‌ನಷ್ಟೇ ಹಿತ. ಉಳಿದ ಕಡೆ ಒಣಗಿದ್ದಾಗ ಗಂಟೆಗೆ 12ರಿಂದ 14 ಕಿ.ಮೀ., ಮಳೆಯ ಮರುದಿನ ಅದರ ಅರ್ಧ. ಆದ್ದರಿಂದ ಗ್ಯಾಪ್‌ಗೆ ಮೂರು ದಿನ ಇಟ್ಟರೆ ಕಾಲುವೆಗೆ ನಾಲ್ಕು ಇಡಿ, ಕೈಯಲ್ಲಿ ಒಂದು ಹೆಚ್ಚಿನ ದಿನ ಇರಲಿ. ಕೆಸರಿನ ಗುಂಡಿ ಕಂಡಾಗ ಅಂಚಿನಲ್ಲಿ ನುಸುಳಲು ಹೋಗುವವರೇ ಬೀಳುವುದು, ಏಕೆಂದರೆ ಅಂಚು ಓರೆ, ಅಲ್ಲಿಯ ಮಣ್ಣು ನುಣುಪು. ವೇಗ ತಗ್ಗಿಸಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ, ಸಮನಾಗಿ ತುಳಿಯುತ್ತ ನಡುವಿನಿಂದಲೇ ದಾಟಿ.

ಗ್ಯಾಪ್‌ಗೆ 35 ಮಿ.ಮೀ. ಟೈರು ಸಾಕು, ಇಡೀ ಪ್ರವಾಸಕ್ಕೆ 42ರಿಂದ 50 ಮಿ.ಮೀ. ಬೇಕು. 80 ಕೆ.ಜಿ. ತೂಕದ ಸವಾರ, 15 ಕೆ.ಜಿ. ಸಾಮಾನು, 45 ಮಿ.ಮೀ. ಟೈರು ಎಂದಿಟ್ಟುಕೊಂಡರೆ ಹಿಂದೆ 45, ಮುಂದೆ 38 ಪಿ.ಎಸ್.ಐ. (ಪಂಪಿನ ಮಾಪಕದಲ್ಲಿ ಕಾಣುವ ಒತ್ತಡದ ಅಳತೆ) ಗಾಳಿ ಸರಿಯಾಗಿ ಕೂರುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 10 ಮಿ.ಮೀ. ಸಂದು ಇಲ್ಲದಿದ್ದರೆ ಎಲೆ ಬೆರೆತ ಜೇಡಿಮಣ್ಣು ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಇನ್ನು ಕ್ಯಾರಿಯರ್. ಬೇರುಗಳ ಮೇಲಿನ ಸಣ್ಣ ಸಣ್ಣ ಕುಲುಕಾಟಕ್ಕೆ ಕೆಳಗಿನ ಬೋಲ್ಟು ದಿನಕ್ಕೆ ಕಾಲು ಸುತ್ತಿನಷ್ಟು ಸಡಿಲವಾಗುತ್ತ ಬಂದು, ಸದ್ದೇ ಮಾಡದೆ ಬಿದ್ದುಹೋಗುತ್ತದೆ. ಆಮೇಲೆ ಭಾರವೆಲ್ಲ ಇನ್ನೊಂದು ಬದಿಗೆ ಬಿದ್ದು ಅದೂ ತುಂಡಾಗುತ್ತದೆ. ಹೊರಡುವ ಮೊದಲೇ ಬೋಲ್ಟಿನ ಎಳೆಗೆ ಥ್ರೆಡ್‌ಲಾಕರ್, ಅಂದರೆ ಸಡಿಲವಾಗದಂತೆ ಹಿಡಿಯುವ ಅಂಟು, ಹಚ್ಚಿ. ದಿನಾ ಬೆಳಿಗ್ಗೆ 4 ಮಿ.ಮೀ. ಅಲೆನ್ ಕೀಯಿಂದ ನಾಲ್ಕೂ ಬೋಲ್ಟು ಮುಟ್ಟಿ ನೋಡಿ. ಎರಡು ಎಂ5 (5 ಮಿ.ಮೀ. ದಪ್ಪದ) ಬೋಲ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಸುಣ್ಣಕಲ್ಲಿನ ಧೂಳು ಚೈನಿನ ಎಣ್ಣೆ ಹೀರುತ್ತದೆ, ಒದ್ದೆಯಾದರೆ ಲೇಪವಾಗಿ ರಿಮ್ ಬ್ರೇಕಿನ ಪ್ಯಾಡನ್ನು ಸವೆಸುತ್ತದೆ. ಸಂಜೆ ಚೈನನ್ನು ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು.

ರಾತ್ರಿ ತಂಗಲು ಕಾಲುವೆಯಷ್ಟು ಉದಾರವಾದ ದಾರಿ ಅಪರೂಪ. ಕೆಲವೇ ಮೈಲಿಗಳಿಗೊಂದರಂತೆ ನಡೆದು ಬರುವವರಿಗೂ ಸೈಕಲ್ಲಿನವರಿಗೂ ಮೀಸಲಾದ ಉಚಿತ ಬಿಡಾರಗಳಿವೆ: ಮೇಜು, ಒಲೆಕಟ್ಟೆ, ತಾತ್ಕಾಲಿಕ ಶೌಚಾಲಯ, ಕೈಪಂಪು. ಮೊದಲು ಬಂದವರಿಗೆ ಮೊದಲು, ಒಂದು ಜಾಗದಲ್ಲಿ ಒಂದೇ ರಾತ್ರಿ. ಕಸದ ತೊಟ್ಟಿ ಇಲ್ಲ, ತಂದದ್ದನ್ನು ಹೊತ್ತೇ ಹೋಗಬೇಕು. ಪಂಪಿನ ನೀರಿಗೆ ಅಯೋಡಿನ್ ಹಾಕಿರುತ್ತಾರೆ, ರುಚಿ ಹಿಡಿಸದಿದ್ದರೂ ಕುಡಿಯಬಹುದು. ಪಂಪಿನ ಹಿಡಿಕೆಯನ್ನೇ ಕಳಚಿಟ್ಟಿದ್ದರೆ ಅಲ್ಲಿ ನೀರಿಲ್ಲ ಎಂದೇ ತಿಳಿಯಿರಿ. ಚಳಿಗಾಲದಲ್ಲಿ ಎಲ್ಲ ಪಂಪುಗಳೂ ಬಂದ್. ಒಂದು ಪಂಪು ಕೈಕೊಟ್ಟರೂ ಮುಂದಿನದರವರೆಗೆ ಸಾಕಾಗುವಷ್ಟು, ಬೇಸಿಗೆಯಲ್ಲಿ 3 ಲೀಟರ್, ನೀರು ಹೊತ್ತುಕೊಂಡಿರುವುದು ಕ್ಷೇಮ.

155ನೇ ಮೈಲಿಯ ಪಾಪಾ ಸುರಂಗಕ್ಕಾಗಿಯೇ ಈ ದಾರಿಗೆ ಬರಬಹುದು. ಪೊಟೋಮ್ಯಾಕ್ ನದಿಯ ಸುತ್ತುಬಳಸು ತಪ್ಪಿಸಲು ಬೆಟ್ಟ ಕೊರೆದು, 60 ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಕಟ್ಟಿ, 1836ರಲ್ಲಿ ಶುರುಮಾಡಿ 1850ರಲ್ಲಿ ಮುಗಿಸಿದ 3,118 ಅಡಿಯ ಸುರಂಗ. ಒಳಗೆ ಒಂದೂ ದೀಪವಿಲ್ಲ. ಕಿರಿದಾದ ದಂಡೆ, ಉಬ್ಬುತಗ್ಗಿನ ನೆಲ, ಪಕ್ಕದಲ್ಲಿ ಕಟಕಟೆ, ಅದರಾಚೆ ನಿಂತ ನೀರು. ಇಲ್ಲಿ ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಹ್ಯಾಂಡಲ್ ದೀಪ ಮುಂದಕ್ಕಷ್ಟೇ ಬೆಳಕು ಚೆಲ್ಲುತ್ತದೆ, ಕಾಲ ಬುಡ ಕಾಣಲು ತಲೆದೀಪ ಬೇಕು. ಕಟಕಟೆಯನ್ನು ದೀಪ ಹಿಡಿದು ನೋಡಿದರೆ ದೋಣಿ ಎಳೆಯುವ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ.

ಮಳೆಗೆ ಸಿಕ್ಕವರಿಗೆ ಒಂದು ಬಿಡುಗಡೆಯ ದಾರಿಯೂ ಇದೆ. ಲಿಟ್ಲ್ ಆರ್ಲಿಯನ್ಸ್‌ನಿಂದ ಹ್ಯಾನ್‌ಕಾಕ್ ಮೂಲಕ ಬಿಗ್ ಪೂಲ್ ತನಕ ಕಾಲುವೆಗೆ ಸಮಾನಾಂತರವಾಗಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ ಸಾಗುತ್ತದೆ, ಪೂರ್ತಿ ಡಾಂಬರು. ಬಾವಲಿಗಳಿಗಾಗಿ ಮುಚ್ಚಿಟ್ಟ ಇಂಡಿಗೋ ಸುರಂಗದ ಹತ್ತಿರ ಮಾತ್ರ ಮತ್ತೆ ದಂಡೆಗೆ ಇಳಿಯಬೇಕು. ಕೆಸರಿನ ದಿನ ಇದನ್ನು ಬಿಟ್ಟು ದಂಡೆಯಲ್ಲೇ ಒದ್ದಾಡುವುದರಲ್ಲಿ ಅರ್ಥವಿಲ್ಲ. ಹೊಳೆ ಉಕ್ಕಿದಾಗ ದಂಡೆ ಕೊಚ್ಚಿಹೋಗುವುದೂ ಉಂಟು, ಹೊರಡುವ ಮುನ್ನ ಉದ್ಯಾನ ಸೇವೆಯ ಎಚ್ಚರಿಕೆಗಳನ್ನು ಓದಿ.

ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈಯಲ್ಲಿ ಸೆಕೆ, ಸೊಳ್ಳೆ. ಉಣ್ಣಿ ಹತ್ತಿದೆಯೇ ಎಂದು ರಾತ್ರಿ ಮೈಯೆಲ್ಲ ನೋಡಿಕೊಳ್ಳಬೇಕು. ಅಕ್ಟೋಬರ್ ಕೊನೆಗೆ ಉದುರೆಲೆ ಬೇರುಗಳನ್ನು ಮುಚ್ಚಿಬಿಡುತ್ತದೆ.

60ನೇ ಮೈಲಿಯ ಹಾರ್ಪರ್ಸ್ ಫೆರಿ ನದಿಯಾಚೆಗಿದೆ, ರೈಲು ಸೇತುವೆಯ ಕಾಲ್ದಾರಿಯಲ್ಲಿ ದಾಟಬೇಕು. ಅರ್ಧ ದಿನ ಕೊಡಬಹುದಾದ ಊರು. ಗ್ರೇಟ್ ಫಾಲ್ಸ್‌ನಿಂದ ಮುಂದಿನ 14 ಮೈಲಿ ವಾರಾಂತ್ಯದಲ್ಲಿ ನಡೆಯುವವರಿಂದ ತುಂಬಿರುತ್ತದೆ, ವಾರದ ದಿನ ತಲುಪುವಂತೆ ಲೆಕ್ಕ ಹಾಕಿ. ಕೊನೆಯ ಮೂರು ಮೈಲಿಗೆ ಪಕ್ಕದ ಕ್ಯಾಪಿಟಲ್ ಕ್ರೆಸೆಂಟ್ ಟ್ರೇಲ್‌ನ ಡಾಂಬರು ಹಿಡಿಯಬಹುದು. ಸೊನ್ನೆ ಮೈಲಿಗಲ್ಲು ವಾಷಿಂಗ್ಟನ್‌ನ ಜಾರ್ಜ್‌ಟೌನ್ ಬಡಾವಣೆಯ ದೋಣಿಮನೆಯ ಹಿಂದೆ ಮರೆಯಾಗಿದೆ, ಕೇಳಿಕೊಂಡೇ ಹೋಗಬೇಕಾದೀತು. ಹಿಂದಿರುಗಲು ವಾಷಿಂಗ್ಟನ್‌ನ ಯೂನಿಯನ್ ಸ್ಟೇಷನ್‌ನಿಂದ ಹೊರಡುವ, ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್‌ನ ಫ್ಲೋರಿಡಿಯನ್ ರೈಲು ಕಂಬರ್ಲ್ಯಾಂಡ್, ಕಾನೆಲ್ಸ್‌ವಿಲ್, ಪಿಟ್ಸ್‌ಬರ್ಗ್‌ಗಳಲ್ಲಿ ನಿಲ್ಲುತ್ತದೆ. ಸೈಕಲ್ ಬಿಚ್ಚದೆ ಹಾಗೆಯೇ ಏರಿಸಬಹುದು. ಆದರೆ ಸೈಕಲ್ಲಿನ ಜಾಗ ಕಡಿಮೆ, ಅದನ್ನು ಟಿಕೆಟ್ಟಿನ ಜೊತೆಗೇ ಕಾಯ್ದಿರಿಸಬೇಕು. ಪಿಟ್ಸ್‌ಬರ್ಗ್ ಸೇರುವುದು ನಡುರಾತ್ರಿ ಹೊತ್ತಿಗೆ, ಅಲ್ಲಿ ಮಲಗಲು ಕೋಣೆ ಮೊದಲೇ ಗೊತ್ತುಮಾಡಿಕೊಂಡು ರೈಲು ಹತ್ತಿ.